ಅಪ್ಪ ಊಟ ಬಿಟ್ಟಿಲ್ಲ

ನಮ್ಮ ಕಡೆ ಆಪರೇಷನ್ ಅಂದರೆ ಮುಚ್ಚಿಡುವ ವಿಷಯವೇ ಅಲ್ಲ. ನಮ್ಮ ದೊಡ್ಡತ್ತೆಗೆ ಪಿತ್ತಕೋಶದ ಕಲ್ಲು ತೆಗೆದಾಗ ಆ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿಸಿಕೊಂಡು ಬಂದಿದ್ದರು. ಮನೆಗೆ ಬಂದವರಿಗೆಲ್ಲ ಅದನ್ನು ಅಲ್ಲಾಡಿಸಿ ತೋರಿಸುತ್ತಿದ್ದರು. ಮಾವನ ಹರ್ನಿಯಾ, ಪಕ್ಕದ ಮನೆಯವರ ಮಂಡಿ ಚಿಪ್ಪು, ಕಣ್ಣಿನ ಪೊರೆ, ಎಲ್ಲವೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಆಡುವ ಮಾತು. ತೀರ್ಥಹಳ್ಳಿ ಸೀಮೆಯ ಯಾವ ಮನೆಗೆ ಹೋದರೂ ಇಂಥದ್ದೊಂದು ಕತೆ ಸಿಕ್ಕೇ ಸಿಗುತ್ತದೆ. ಆದರೆ ನನ್ನ ಗಂಡನಿಗೆ ತೂಕ ಇಳಿಸುವ ಆಪರೇಷನ್ ಎಂದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಎಲ್ಲರ ದನಿ ತಗ್ಗಿತು.

ಯಾಕೆ ಅಂತ ಯೋಚಿಸಿದೆ. ಕಲ್ಲು ಬಂದರೆ ಗ್ರಹಚಾರ. ಮಂಡಿ ಸವೆದರೆ ವಯಸ್ಸು. ದಪ್ಪ ಆದರೆ ಮಾತ್ರ ಅದು ಅವರವರ ತಪ್ಪು. ತಿಂದಿದ್ದಕ್ಕೆ ಆಗಿದ್ದು, ತಿನ್ನೋದು ನಿಲ್ಲಿಸಿದರೆ ಹೋಗುತ್ತದೆ, ಅದಕ್ಕೆಲ್ಲ ಆಪರೇಷನ್ ಯಾಕೆ ಎಂದು ಬಾಯಿ ಬಿಟ್ಟು ಹೇಳದವರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. ಇವರೂ ಹಾಗೇ ಅಂದುಕೊಂಡಿದ್ದರು. ಮಕ್ಕಳಿಗೆ ಏನು ಹೇಳೋದು ಎಂಬ ಪ್ರಶ್ನೆ ಬಂದಾಗ ನನಗೆ ಕಷ್ಟವಾಗಿ ಕಂಡಿದ್ದು ಆಪರೇಷನ್ ವಿವರಿಸುವುದಲ್ಲ. ದೊಡ್ಡವರ ಈ ತಗ್ಗಿದ ದನಿ.

ಯಾಕೆಂದರೆ ನಮ್ಮದು ಹಳೇ ಮನೆ. ಮೇಲೆ ಹಲಗೆ ಹಾಸಿದ ಮಾಳಿಗೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಮೇಲೆ ಮಲಗಿದವರಿಗೆ ಕೇಳಿಸುತ್ತದೆ. ಒಂದು ಬೆಳಿಗ್ಗೆ, ಒಂದನೇ ಕ್ಲಾಸಿನ ಮಗ ಹಲ್ಲುಜ್ಜುತ್ತಾ ಬಂದು ಕೇಳಿದ: "ಅಮ್ಮಾ, ಅಪ್ಪನ ಹೊಟ್ಟೆ ಕೊಯ್ದು ಬಿಸಾಡ್ತಾರಂತೆ ಹೌದಾ? ಮತ್ತೆ ಅನ್ನ ಎಲ್ಲಿಗೆ ಹೋಗ್ತದೆ?"

ಅದು ಅವನ ಅಜ್ಜಿ ಕೊಪ್ಪದಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದ್ದು. ಪದಕ್ಕೆ ಪದ ಅದೇ. ಏಳನೇ ಕ್ಲಾಸಿನ ಮಗಳು ಪಕ್ಕದಲ್ಲೇ ಜಡೆ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. ಅವಳಿಗೂ ಗೊತ್ತಿದೆ, ಕೇಳುತ್ತಿಲ್ಲ ಅಷ್ಟೆ ಎಂದು ಆಗಲೇ ಅರ್ಥವಾಯಿತು. ಮಕ್ಕಳಿಗೆ ಯಾವಾಗ ಹೇಳೋಣ ಎಂದು ಗಂಡ ಹೆಂಡತಿ ಕೂತು ಚರ್ಚೆ ಮಾಡುವಷ್ಟರಲ್ಲಿ ಮಕ್ಕಳು ಅರ್ಧ ತಿಳಿದುಕೊಂಡಿರುತ್ತಾರೆ. ಉಳಿದ ಅರ್ಧವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಹಾಗೆ ಕಟ್ಟಿಕೊಂಡಿದ್ದು ಯಾವತ್ತೂ ನಿಜಕ್ಕಿಂತ ಭಯಂಕರವಾಗಿಯೇ ಇರುತ್ತದೆ.

ಇವರ ತೂಕದ ಕತೆ ಹೊಸದಲ್ಲ. ಮದುವೆಯ ಫೋಟೋದಲ್ಲೇ ಗುಂಡಗೆ ಇದ್ದಾರೆ. ಆಮೇಲೆ ಶುಗರ್ ಬಂತು, ಬಿಪಿ ಬಂತು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು ಶುರುವಾಯಿತು. ಈಗ ಮೂಗಿಗೆ ಮಾಸ್ಕ್ ಹಾಕಿಕೊಂಡು, ಗಾಳಿ ಒತ್ತುವ ಮಷೀನ್ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಾರೆ. ಕರೆಂಟು ಹೋದರೆ ನಿದ್ದೆಯೂ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟಿನ ಕತೆ ಗೊತ್ತಲ್ಲ. ಮನೆಯಿಂದ ಕೆಳಗಿನ ತೋಟಕ್ಕೆ ಇಳಿದರೆ ವಾಪಸ್ ಹತ್ತುವಾಗ ದಾರಿಯಲ್ಲಿ ಕೂರಲೇಬೇಕು. ಪಥ್ಯ ಮಾಡಿಲ್ಲವಾ ಅಂದರೆ ಮಾಡಿದ್ದಾರೆ. ರಾತ್ರಿ ಊಟದ ಬದಲು ಬರೀ ಸೌತೆಕಾಯಿ ತಿಂದಿದ್ದೂ ಇದೆ. ಇಳಿದರು, ಮತ್ತೆ ಏರಿದರು, ಮೊದಲಿಗಿಂತ ಜಾಸ್ತಿಯೇ ಏರಿದರು.

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ಇವರದು 40 ದಾಟಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ 40 ದಾಟಿದವರಿಗೆ, ಇಲ್ಲವೇ 35 ದಾಟಿ ಶುಗರಿನಂಥ ಕಾಯಿಲೆ ಇದ್ದವರಿಗೆ ಈ ಆಪರೇಷನ್. 2022ರಲ್ಲಿ ಈ ಸರ್ಜನ್‌ಗಳ ಎರಡು ದೊಡ್ಡ ಸಂಘಗಳು ಸೇರಿ ಅದನ್ನು ಇಳಿಸಿದವು. 35 ದಾಟಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಮಾಡಬಹುದು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ನಮಗೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತದೆ, ಅದಕ್ಕೆ. ನಮ್ಮ ವಿಮೆಯ ಕಾಗದದಲ್ಲಿ ಮಾತ್ರ ಇನ್ನೂ ಹಳೇ 40, 35ರ ಲೆಕ್ಕವೇ ಇದೆ.

ಇವರಿಗೆ ಮಾಡುವುದು ಸ್ಲೀವ್ ಎಂಬ ಆಪರೇಷನ್. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯನ್ನೇ ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಬಾಳೆಹಣ್ಣಿನ ಆಕಾರದ ಕೊಳವೆ. ಜಾಗ ಕಡಿಮೆಯಾಗುವುದು ಅದರಲ್ಲಿ ಒಂದು ಭಾಗ ಮಾತ್ರ. ಹಸಿವೆ ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಇದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಅದು ಬಹುಪಾಲು ತಯಾರಾಗುವುದು ಜಠರದ ಮೇಲಿನ ಉಬ್ಬು ಭಾಗದಲ್ಲಿ. ಸ್ಲೀವ್‌ನಲ್ಲಿ ತೆಗೆಯುವುದು ಅದನ್ನೇ. ಇನ್ನೊಂದು ಸಂಗತಿ ನನ್ನನ್ನು ತುಂಬ ತಟ್ಟಿತು. ಪಥ್ಯ ಮಾಡಿ ತೂಕ ಇಳಿಸಿದವರ ರಕ್ತದಲ್ಲಿ ಈ ಹಾರ್ಮೋನು ಇಳಿಯುವುದಿಲ್ಲ, ಏರುತ್ತದೆ ಎಂದು 2002ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಅಂದರೆ ಮನುಷ್ಯ ತೆಳ್ಳಗಾಗುತ್ತಾ ಹೋದಂತೆ ದೇಹ ಅವನನ್ನು ಊಟದ ಕಡೆ ಇನ್ನೂ ಜೋರಾಗಿ ನೂಕುತ್ತದೆ.

ಡಾಕ್ಟರು ಇದನ್ನು ಹೇಳಿದಾಗ ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರಗೆ ಬಂದ ಮೇಲೆ ಹೇಳಿದರು: "ಹಾಗಾದ್ರೆ ನಂದು ಬರೀ ಹೊಟ್ಟೆಬಾಕತನ ಅಲ್ಲ ಅಂತಾಯ್ತು."

ಮಕ್ಕಳ ಹತ್ತಿರ ಮಾತಾಡುವ ಧೈರ್ಯ ಇವರಿಗೆ ಬಂದಿದ್ದು ಅಲ್ಲಿಂದ ಎಂದು ನನ್ನ ಲೆಕ್ಕ. ತಾನು ತಪ್ಪು ಮಾಡಿದ್ದೇನೆ, ಅದಕ್ಕೆ ಇದು ಶಿಕ್ಷೆ ಎಂದು ಒಳಗೊಳಗೇ ನಂಬಿದ ಅಪ್ಪ ಎಷ್ಟೇ ಚೆನ್ನಾಗಿ ವಿವರಿಸಿದರೂ ಮಕ್ಕಳಿಗೆ ತಲುಪುವುದು ಆ ನಂಬಿಕೆಯೇ. ಆಪರೇಷನ್‌ಗೆ ಮುಂಚೆ ಡಯಟಿಷಿಯನ್ ಒಬ್ಬರನ್ನು, ಕೌನ್ಸೆಲರ್ ಒಬ್ಬರನ್ನು ನೋಡಬೇಕಿತ್ತು. ಕೌನ್ಸೆಲರ್ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಮಕ್ಕಳಿಗೆ ಹೇಳಿದ್ದೀರಾ?" ಎರಡನೆಯದು, "ಯಾರು ಹೇಳ್ತೀರಿ?" ನಾನು ಇವರ ಮುಖ ನೋಡಿದೆ. ನಮ್ಮ ಮನೆಯಲ್ಲಿ ಮಕ್ಕಳ ಹತ್ತಿರ ಮಾತಾಡುವ ಖಾತೆ ನನ್ನದು. ಪರೀಕ್ಷೆ, ಜ್ವರ, ಜಗಳ, ಎಲ್ಲ ನನ್ನ ಹತ್ತಿರವೇ ಬರುತ್ತವೆ. "ನಾನೇ ಹೇಳ್ತೀನಿ" ಎಂದರು ಇವರು. ನನಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು. ಯಾರ ದೇಹವೋ ಅವರ ಬಾಯಿಂದಲೇ ಬರುವುದು ಒಳ್ಳೆಯದು. ನಾನು ಹೇಳಿದ್ದರೆ ಅದು ಇವರ ಬೆನ್ನ ಹಿಂದಿನ ಮಾತಾಗುತ್ತಿತ್ತು.

ಹೊತ್ತೂ ತಾನಾಗಿ ಸಿಕ್ಕಿತು. ಅಡಿಕೆ ಕೊಯ್ಲಿನ ದಿನಗಳು. ಸಂಜೆ ಚಪ್ಪರದ ಕೆಳಗೆ ಲೈಟು ಹಾಕಿಕೊಂಡು ಎಲ್ಲರೂ ಸುಲಿಯಲು ಕೂರುತ್ತಾರೆ. ಆಳುಗಳು ಹೋದ ಮೇಲೆ ಮಿಕ್ಕಿದ್ದಕ್ಕೆ ನಾವು ಮನೆಯವರು ಮೆಟ್ಟುಗತ್ತಿ ಹಿಡಿದು ಕೂತಿದ್ದೆವು. ಮಕ್ಕಳು ಹಣ್ಣಡಿಕೆ ಬೇರೆ ಮಾಡುತ್ತಿದ್ದರು. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು "ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು" ಎಂದು ಶುರು ಮಾಡಿದರೆ ಅವರ ಮುಖ ಆಗಲೇ ಬಿಳುಚಿಕೊಳ್ಳುತ್ತದೆ. ಕೈಗೆ ಕೆಲಸ ಇದ್ದರೆ ಹಾಗಲ್ಲ. ಕಣ್ಣು ತಪ್ಪಿಸಿದ್ದು ಗೊತ್ತಾಗುವುದಿಲ್ಲ, ನಡುವೆ ಸುಮ್ಮನಾದರೂ ಸುಮ್ಮನಾದಂತೆ ಕಾಣುವುದಿಲ್ಲ.

"ನಂಗೊಂದು ಆಪರೇಷನ್ ಆಗ್ತದೆ. ಕೊಯ್ಲು ಮುಗಿದ ಮೇಲೆ" ಎಂದರು ಇವರು, ಸುಲಿದ ಅಡಿಕೆ ಬುಟ್ಟಿಗೆ ಹಾಕುತ್ತಾ. ತಾನು ಯಾಕೆ ಮಷೀನ್ ಹಾಕಿಕೊಂಡು ಮಲಗುತ್ತೇನೆ, ಇನ್ಸುಲಿನ್ ಯಾಕೆ ಚುಚ್ಚಿಕೊಳ್ಳುತ್ತೇನೆ ಎಂಬುದರಿಂದ ಹಿಡಿದರು. ಚೆಂದ ಕಾಣುವುದಕ್ಕೆ, ಪ್ಯಾಂಟು ಸೈಜಿಗೆ ಅಂತೆಲ್ಲ ಒಂದು ಮಾತೂ ಬರಲಿಲ್ಲ. ಶುಗರ್ ಹತೋಟಿಗೆ ಬರಬಹುದು, ಕೆಲವರಿಗೆ ಮಾತ್ರೆಯೇ ಬೇಡವಾಗುತ್ತದೆ, ತನಗೆ ಹಾಗೇ ಆಗುತ್ತದೆ ಎಂದು ಹೇಳಲು ಬರುವುದಿಲ್ಲ ಎಂದರು. ಆಮೇಲೆ ಮಗನ ಅನ್ನದ ಪ್ರಶ್ನೆಗೆ ಉತ್ತರ: "ಹೊಟ್ಟೆ ಪೂರ್ತಿ ತೆಗಿಯೋದಿಲ್ಲ ಕಣೋ. ಒಳಗಿನ ಚೀಲ ಸಣ್ಣ ಮಾಡ್ತಾರೆ. ಅನ್ನ ಹೋಗೋ ದಾರಿ ಅದೇ. ಒಂದ್ಸಲಕ್ಕೆ ಸ್ವಲ್ಪ ಹೋಗ್ತದೆ ಅಷ್ಟೆ."

"ಕತ್ತರಿಸಿದ ಮೇಲೆ ಎಂತದ್ರಲ್ಲಿ ಹೊಲಿತಾರೆ?"

"ಸ್ಟೇಪ್ಲರಲ್ಲಿ."

ಮಗನ ಕಣ್ಣು ಅರಳಿತು. ಅವನ ಅಕ್ಕನ ಜಾಮೆಟ್ರಿ ಬಾಕ್ಸಿನಲ್ಲಿ ಒಂದು ಸ್ಟೇಪ್ಲರ್ ಇದೆ, ಅವನು ಮುಟ್ಟುವ ಹಾಗಿಲ್ಲ. ಡಾಕ್ಟರದು ಬೇರೆಯದು, ಅದರ ಪಿನ್ನು ಟೈಟಾನಿಯಂ ಎಂಬ ಲೋಹದ್ದು, ಬಹಳ ಸಣ್ಣವು, ಒಳಗೇ ಉಳಿಯುತ್ತವೆ ಎಂದು ಹೇಳಿದ್ದಕ್ಕೆ ಮುಂದಿನ ಪ್ರಶ್ನೆ ಬಂತು: "ತುಕ್ಕು ಹಿಡಿಯಲ್ವಾ?" ಮಲೆನಾಡಿನ ಮಗು ಕೇಳಬೇಕಾದ ಪ್ರಶ್ನೆಯೇ ಸೈ. ನಮ್ಮಲ್ಲಿ ಮಳೆಗಾಲಕ್ಕೆ ತುಕ್ಕು ಹಿಡಿಯದ ವಸ್ತು ಯಾವುದಿದೆ? ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ ಎಂದ ಮೇಲೆ ಅವನಿಗೆ ಆಪರೇಷನ್ ಬಗ್ಗೆ ಅರ್ಧ ನಂಬಿಕೆ ಬಂತು.

ಉಳಿದ ಅರ್ಧಕ್ಕೆ ಕಷ್ಟಪಡಬೇಕಾಯಿತು. ಅಜ್ಜಿ ಸಮಾಧಾನ ಮಾಡಲು ಹೋಗಿ, "ನೋವೆಲ್ಲ ಎಂತದೂ ಗೊತ್ತಾಗಲ್ಲ ಮಗ, ನಿದ್ದೆ ಬರೋ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ" ಎಂದರು. ಅವನು ಬುಟ್ಟಿ ಬಿಟ್ಟು ಬಂದು ನನ್ನ ಮಡಿಲಿಗೆ ಅಂಟಿಕೊಂಡ. "ಅಜ್ಜನೂ ಮಲಗಿದಲ್ಲೇ ಹೋಗಿದ್ದಲ್ವಾ?" ಎಂದ. ಹೌದು. ನಮ್ಮ ಮಾವ ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಪುಣ್ಯದ ಸಾವು, ಮಲಗಿದಲ್ಲೇ ಹೋದರು ಎಂದು ಬಂದವರೆಲ್ಲ ಹೇಳಿದ್ದರು. ಆಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಈ ಹುಡುಗ ಅದನ್ನೆಲ್ಲ ಕೇಳಿಸಿಕೊಂಡು ಇಟ್ಟುಕೊಂಡಿದ್ದ.

ಅವನಿಗೆ ಹೇಳಿದೆ. ಇದು ರಾತ್ರಿಯ ನಿದ್ದೆ ಅಲ್ಲ. ಅರಿವಳಿಕೆ ಎಂಬ ಔಷಧಿ. ಅದಕ್ಕೇ ಅಂತ ಬೇರೆ ಡಾಕ್ಟರೊಬ್ಬರು ಇರುತ್ತಾರೆ. ಆಪರೇಷನ್ ಮುಗಿಯುವವರೆಗೂ ಅಪ್ಪನ ತಲೆಯ ಹತ್ತಿರವೇ ಇದ್ದು ಉಸಿರು, ಎದೆಬಡಿತ ನೋಡುತ್ತಿರುವುದೇ ಅವರ ಕೆಲಸ. ಔಷಧಿ ನಿಲ್ಲಿಸಿದ ಮೇಲೆ ಎಬ್ಬಿಸುವವರೂ ಅವರೇ. ಮಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ, ಆ ಡಾಕ್ಟರು ನಡುವೆ ಕಾಫಿ ಕುಡಿಯಲು ಹೋಗುವುದಿಲ್ಲ ತಾನೆ ಎಂದು. ಅಜ್ಜನಿಗೆ ವಯಸ್ಸಾಗಿತ್ತು, ಹೃದಯ ನಿಂತಿತ್ತು, ಅದು ನಿದ್ದೆಯಿಂದ ಆಗಿದ್ದಲ್ಲ ಎಂದೂ ಹೇಳಿದೆ. ಮೂರು ವರ್ಷದ ಹಿಂದಿನ ಸಾವಿನ ಬಗ್ಗೆ ಆ ಮಗುವಿನ ಜತೆ ಯಾರೂ ನೇರವಾಗಿ ಮಾತಾಡಿರಲಿಲ್ಲ. ಅದಕ್ಕೂ ಅವತ್ತೇ ಕಾಲ ಕೂಡಿ ಬಂತು.

"ಏನೂ ಆಗಲ್ಲ ಅಲ್ವಾ?" ಇದು ಮಗಳ ಪ್ರಶ್ನೆ. ಅವತ್ತು ಅವಳು ಆಡಿದ್ದು ಅದೊಂದೇ ಮಾತು. ಏನೂ ಆಗಲ್ಲ ಎಂದು ಬಿಡುವುದು ಸುಲಭ. ಆದರೆ ಹನ್ನೆರಡು ವರ್ಷದ ಹುಡುಗಿಗೆ ಫೋನ್ ಇದೆ, ಗೂಗಲ್ ಇದೆ. ನಾವು ಹೇಳಿದ್ದು ಒಂದು, ಅಲ್ಲಿ ಸಿಕ್ಕಿದ್ದು ಇನ್ನೊಂದು ಆದರೆ ಆಮೇಲೆ ನಮ್ಮ ಯಾವ ಮಾತಿಗೂ ಬೆಲೆ ಇರುವುದಿಲ್ಲ. ಇವರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಪ್ರಾಣಕ್ಕೆ ಅಪಾಯ ಆಗುವುದು ಸಾವಿರದಲ್ಲಿ ಒಬ್ಬರಿಗೋ ಮೂವರಿಗೋ. ದೊಡ್ಡತ್ತೆಗೆ ಆಯಿತಲ್ಲ, ಆ ಪಿತ್ತಕೋಶದ ಆಪರೇಷನ್ನಿಗೂ ಹೆಚ್ಚುಕಡಿಮೆ ಇಷ್ಟೇ ಅಪಾಯ. ಸ್ಟೇಪಲ್ ಹಾಕಿದ ಜಾಗ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಎರಡು ಮೂರು ದಿನ ಇಟ್ಟುಕೊಂಡು ನೋಡುತ್ತಾರೆ, ಅವತ್ತೇ ಎಬ್ಬಿಸಿ ನಡೆಸುತ್ತಾರೆ. "ಆಪರೇಷನ್ ಮಾಡಿಸ್ಕೊಳ್ದೆ ಹಿಂಗೇ ಇದ್ರೆ ಅದಕ್ಕಿಂತ ಜಾಸ್ತಿ ಅಪಾಯ ಪುಟ್ಟಿ" ಎಂದರು. ಅವಳು ತಲೆಯಾಡಿಸಿದಳು. ದೊಡ್ಡತ್ತೆಯ ಬಾಟಲಿ ಅವಳೂ ನೋಡಿದವಳೇ.

ಮಗನ ಇನ್ನೊಂದು ಚಿಂತೆ ಆಗುಂಬೆ ಘಾಟಿ. ಆಪರೇಷನ್ ಕರಾವಳಿ ಕಡೆಯ ಆಸ್ಪತ್ರೆಯಲ್ಲಿ. ಹೋಗುವುದು ಬರುವುದು ಘಾಟಿಯ ಮೇಲೆಯೇ. ಆ 14 ತಿರುವುಗಳಲ್ಲಿ ಕಾರು ಓಲಾಡುವಾಗ ಅಪ್ಪನ ಪಿನ್ನು ಕಿತ್ತು ಬಂದರೆ? ಅವನಿಗೆ ಪ್ರತಿ ಸಲ ಅಲ್ಲಿ ವಾಂತಿ ಆಗುತ್ತದೆ, ಆ ಅನುಭವದಿಂದ ಹುಟ್ಟಿದ ಪ್ರಶ್ನೆ. ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. "ಬರೆದಿಟ್ಕೋ, ಡಾಕ್ಟರ ಹತ್ರ ಕೇಳೋಣ" ಎಂದೆವು. ನಿಜವಾಗಿಯೂ ಕೇಳಿದೆವು. ಡಾಕ್ಟರು ನಗಲಿಲ್ಲ. ಪಿನ್ನು ಹಾಗೆಲ್ಲ ಕೀಳುವುದಿಲ್ಲ, ಆದರೆ ನಿಧಾನಕ್ಕೆ ಬನ್ನಿ, ನಡುನಡುವೆ ಇಳಿದು ನಡೆಯಿರಿ, ಒಂದೇ ಸಮ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ ಎಂದರು. ಅಂದರೆ ಆ ಪ್ರಶ್ನೆ ದಡ್ಡ ಪ್ರಶ್ನೆಯೇನೂ ಆಗಿರಲಿಲ್ಲ. ಅಲ್ಲಿಂದ ಮುಂದೆ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ. ಯಾರಿಗೆ ಏನು ಪ್ರಶ್ನೆ ಬಂದರೂ ಅದರಲ್ಲಿ ಬರೆಯುವುದು. ಅಜ್ಜಿಯೂ ಒಂದು ಬರೆಸಿದ್ದಾರೆ: ಎಲೆಯಡಿಕೆ ಯಾವಾಗಿಂದ ಹಾಕಬಹುದು? ಹೊಗೆಸೊಪ್ಪು ಆಪರೇಷನ್‌ಗೆ ಎಷ್ಟೋ ಮೊದಲೇ ಬಿಡಬೇಕು, ಗಾಯ ಮಾಯಲು ಬಿಡುವುದಿಲ್ಲ ಅದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದಾರೆ. ಕವಳ ಇಲ್ಲದ ಅಡಿಕೆ ಬೆಳೆಗಾರನನ್ನು ನೋಡಿ ನೆಂಟರಿಗೆ ಅರಗುತ್ತಿಲ್ಲ.

ಇಷ್ಟೆಲ್ಲ ಆದರೂ ನಾನು ಹೆಚ್ಚು ಯೋಚಿಸಿದ್ದು ಆಪರೇಷನ್ ದಿನದ ಬಗ್ಗೆ ಅಲ್ಲ, ಆಮೇಲಿನ ಊಟದ ಬಗ್ಗೆ. ಇದನ್ನು ಯಾವ ಡಾಕ್ಟರೂ ಹೇಳಲಿಲ್ಲ, ಹೇಳಲು ಅವರಿಗೆ ನಮ್ಮ ಮನೆ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಊಟ ಬಿಡುತ್ತಾರೆ. ಮಾವ ಹಾಗೇ ಮಾಡುತ್ತಿದ್ದರು. ತೋಟದ ಪಾಲಿನ ಗಲಾಟೆ ನಡೆದಾಗ ಇವರ ಚಿಕ್ಕಪ್ಪ ಎಲೆ ಮುಂದಿನಿಂದ ಎದ್ದು ಹೋಗಿದ್ದು ಇವತ್ತಿಗೂ ಕತೆ. ನನ್ನ ಮಗಳೂ ಕಲಿತಿದ್ದಾಳೆ, ಬೈದರೆ ತಟ್ಟೆ ಪಕ್ಕಕ್ಕೆ ಸರಿಸಿ ಮಾಳಿಗೆ ಹತ್ತುತ್ತಾಳೆ. ಹಾಗೇ ಪ್ರೀತಿ ತೋರಿಸುವುದೂ ಬಡಿಸುವುದರಲ್ಲೇ. ಅತ್ತೆ ಮಗನನ್ನು ಬಾಯಿತುಂಬ ಹೊಗಳಿದ್ದು ನಾನು ಕೇಳಿಲ್ಲ. ಆದರೆ ಕೋಳಿ ಸಾರು, ಕಡುಬು ಮಾಡಿದ ದಿನ ಇವರ ತಟ್ಟೆಗೆ ಕೇಳದೆ ಇನ್ನೆರಡು ಕಡುಬು ಬೀಳುತ್ತವೆ. ಸಾಕು ಎಂದರೆ ಅವರ ಮುಖ ಸಣ್ಣದಾಗುತ್ತದೆ.

ಇಂಥ ಮನೆಯಲ್ಲಿ ಇನ್ನು ತಿಂಗಳುಗಟ್ಟಲೆ ಅಪ್ಪ ತಟ್ಟೆಯ ಮುಂದೆ ಕೂತು ನಾಲ್ಕು ಚಮಚ ತಿಂದು ಸಾಕು ಎನ್ನುತ್ತಾರೆ. ಆಪರೇಷನ್‌ಗೆ ಮುಂಚಿನ ಎರಡು ವಾರ ಹೆಚ್ಚುಕಡಿಮೆ ಬರೀ ದ್ರವ. ತೂಕ ಹೆಚ್ಚಿರುವವರ ಲಿವರಿನಲ್ಲಿ ಕೊಬ್ಬು ತುಂಬಿ ಅದು ದೊಡ್ಡದಾಗಿ, ಜಠರದ ಮೇಲೆ ಬಂದು ಕೂತಿರುತ್ತದೆ. ಅದು ಕುಗ್ಗಿದರೆ ಮಾತ್ರ ಡಾಕ್ಟರಿಗೆ ಒಳಗೆ ಕೆಲಸ ಮಾಡಲು ಜಾಗ. ಆಮೇಲೆ ಮೊದಲು ತಿಳಿಯಾದ ದ್ರವ, ಆಮೇಲೆ ಗಟ್ಟಿ ದ್ರವ, ಆಮೇಲೆ ಅರೆದದ್ದು, ಮೆತ್ತಗಿನದು. ಎಲ್ಲರ ಹಾಗೆ ಅಗಿದು ತಿನ್ನುವ ಊಟಕ್ಕೆ ಬರಲು ಆರರಿಂದ ಎಂಟು ವಾರ. ಅದೂ ಅಂಗೈಯಷ್ಟು. ಊಟದ ಜತೆ ನೀರು ಕುಡಿಯುವ ಹಾಗಿಲ್ಲ. ಪ್ರೋಟೀನ್ ಮಾತ್ರ ದಿನಕ್ಕೆ 60ರಿಂದ 80 ಗ್ರಾಂ ಹೋಗಬೇಕು, ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಮೊಸರು, ಬೇಳೆ. ಅನ್ನ ಕೊನೆಗೆ, ಜಾಗ ಉಳಿದರೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಬದುಕಿರುವವರೆಗೆ.

ಮಕ್ಕಳ ಕಣ್ಣಿನಿಂದ ಇದನ್ನೆಲ್ಲ ನೋಡಿ. ಅಪ್ಪ ಉಣ್ಣುತ್ತಿಲ್ಲ. ಅಪ್ಪ ಮಾತೂ ಕಡಿಮೆ ಆಡುತ್ತಿದ್ದಾರೆ, ಮೊದಲ ವಾರಗಳಲ್ಲಿ ಸುಸ್ತು ಇರುತ್ತದಲ್ಲ. ಅಜ್ಜಿ ಮುಖ ಊದಿಸಿಕೊಂಡಿದ್ದಾರೆ. ಅವರು ಹುಟ್ಟಿದಾಗಿನಿಂದ ಕಲಿತ ಲೆಕ್ಕದಲ್ಲಿ ಇದಕ್ಕೆಲ್ಲ ಇರುವುದು ಒಂದೇ ಅರ್ಥ: ಅಪ್ಪನಿಗೆ ಯಾರ ಮೇಲೋ ಸಿಟ್ಟು ಬಂದಿದೆ. ಸಣ್ಣವನಂತೂ ತನ್ನ ಮೇಲೇ ಎಂದುಕೊಳ್ಳುತ್ತಾನೆ. ಆ ವಯಸ್ಸಿನ ಮಕ್ಕಳು ಹಾಗೇ, ಮನೆಯಲ್ಲಿ ಏನು ಕೆಟ್ಟರೂ ತಾವೇ ಕಾರಣ ಎಂದು ಒಳಗೆ ಹಾಕಿಕೊಳ್ಳುತ್ತಾರೆ.

ಹಾಗಾಗಿ ಇದನ್ನು ಬಿಡಿಸಿ ಹೇಳಿದೆವು. ಅಪ್ಪ ಕಡಿಮೆ ತಿಂದರೆ ಸಿಟ್ಟಲ್ಲ. ಅಜ್ಜಿಯ ಅಡುಗೆ ರುಚಿ ಇಲ್ಲ ಎಂದೂ ಅಲ್ಲ. ಹೊಟ್ಟೆ ತುಂಬಿರುತ್ತದೆ, ನಿಜವಾಗಿಯೂ ತುಂಬಿರುತ್ತದೆ. ಜಾಸ್ತಿ ತಿಂದರೆ ಎದೆ ಒತ್ತಿ ವಾಂತಿ ಆಗುತ್ತದೆ. ಸಿಟ್ಟು ಬಂದರೆ ಬಾಯಿಬಿಟ್ಟು ಹೇಳುತ್ತೇನೆ ಎಂದು ಇವರು ಮಾತು ಕೊಟ್ಟರು. ಮಲೆನಾಡಿನ ಗಂಡಸು ಕೊಟ್ಟ ಈ ಮಾತು ಎಷ್ಟರಮಟ್ಟಿಗೆ ನಡೆಯುತ್ತದೋ ನೋಡಬೇಕು, ಅದು ಬೇರೆ ವಿಷಯ. ಅತ್ತೆಗೂ ಇದೇ ಮಾತನ್ನು ಮಕ್ಕಳ ಎದುರಿಗೇ ಹೇಳಿದೆವು. ಅವರು ಒಪ್ಪಿದರು ಎನ್ನಲಾರೆ. ಆದರೆ ಮಾರನೇ ದಿನ ಡಯಟಿಷಿಯನ್ ಕೊಟ್ಟ ಚೀಟಿಯನ್ನು ಮೊಮ್ಮಗಳಿಂದ ಓದಿಸಿಕೊಂಡರು. ಗಂಜಿಯ ತಿಳಿ, ಸೋಸಿದ ಸಾರು, ನೀರು ಮಜ್ಜಿಗೆ ಎಂದೆಲ್ಲ ಇತ್ತು. "ಇದೆಲ್ಲ ಬಾಣಂತಿ ಪಥ್ಯಕ್ಕಿಂತ ಎಂತ ದೊಡ್ಡದು, ನಂಗೆ ಬರಲ್ವಾ?" ಎಂದರು. ಒಂದೆಲಗದ ತಂಬುಳಿ ಸೋಸಿ ಕೊಡಬಹುದಾ ಎಂದು ಹಾಳೆಯಲ್ಲಿ ಬರೆಸಿದ್ದಾರೆ. ಅವರ ಕೈಗೆ ಒಂದು ಕೆಲಸ ಸಿಕ್ಕಿತು. ಮನೆಯಲ್ಲಿ ದನಿ ಸ್ವಲ್ಪ ಏರಿತು.

ಒಂದು ವಿಷಯದಲ್ಲಿ ಮಾತ್ರ ನಾನು ಮಕ್ಕಳಿಗೆ ಗಟ್ಟಿಯಾಗಿ ಹೇಳಿದೆ. ಅಪ್ಪನನ್ನು ಕಾಯುವ ಕೆಲಸ ನಿಮ್ಮದಲ್ಲ. ಇದನ್ನು ಹೇಳಬೇಕಾಗಿ ಬಂದಿದ್ದು ನೆಂಟರೊಬ್ಬರಿಂದ. ಬಂದವರು ಮಗನ ಬೆನ್ನು ತಟ್ಟಿ, "ಅಪ್ಪ ಕದ್ದು ಹೋಳಿಗೆ ತಿಂದ್ರೆ ನಂಗೆ ಫೋನ್ ಮಾಡು ಮಾರಾಯ, ಇನ್ಮೇಲೆ ನೀನೇ ಪೊಲೀಸು" ಎಂದರು. ಅವನಿಗೆ ಖುಷಿಯೋ ಖುಷಿ. ತಮಾಷೆಗೆ ಹೇಳಿದ್ದು, ನಿಜ. ಆದರೆ ನಾಳೆ ಅಪ್ಪನಿಗೆ ಏನಾದರೂ ಹೆಚ್ಚುಕಡಿಮೆಯಾದರೆ, ನಾನು ಸರಿಯಾಗಿ ಕಾಯಲಿಲ್ಲ ಎಂದು ಆ ಮಗು ಕೊರಗುತ್ತದೆ. ಅಪ್ಪನೂ ಮಕ್ಕಳ ಕಣ್ಣು ತಪ್ಪಿಸಿ ತಿನ್ನುವ ಮನುಷ್ಯನಾಗುತ್ತಾರೆ. ಪೊಲೀಸ್ ಕೆಲಸದಿಂದ ಅವನನ್ನು ಅವತ್ತೇ ವಜಾ ಮಾಡಿದೆ. ಬದಲಿಗೆ, ಸಂಜೆ ಅಪ್ಪನ ಜತೆ ರಸ್ತೆವರೆಗೆ ನಡೆಯುವ ಕೆಲಸ ಕೊಟ್ಟಿದ್ದೇನೆ. ಅದೂ ಬೇಕೆನಿಸಿದರೆ ಮಾತ್ರ.

ಅವನಿಗೆ ನಿಜವಾಗಿ ಬೇಸರ ತಂದಿದ್ದು ಇನ್ನೊಂದು ಸಂಗತಿ. ನಾಲ್ಕರಿಂದ ಆರು ವಾರ ಅಪ್ಪ ಅವನನ್ನು ಎತ್ತಿಕೊಳ್ಳುವ ಹಾಗಿಲ್ಲ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಈ ಸಲ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತು ತುಂಗೆಯ ದಂಡೆಯವರೆಗೂ ಹೋಗಲಿಲ್ಲ, ಉಸಿರು ಹತ್ತಿತು ಎಂದು ಅರ್ಧದಲ್ಲೇ ಇಳಿಸಿದ್ದರು. "ಮುಂದಿನ ಜಾತ್ರೆಗೆ?" ಎಂದ. ಆಗ ಎತ್ತಬಹುದು, ಆದರೆ ಆಗ ನೀನೇ ಭಾರ ಆಗಿರ್ತೀಯಾ ಎಂದರು ಇವರು.

ಮಗಳ ಪ್ರಶ್ನೆ ಬಂದಿದ್ದು ಎಷ್ಟೋ ದಿನ ಬಿಟ್ಟು. ಬಟ್ಟೆ ಮಡಿಸುತ್ತಿದ್ದೆವು. "ಅಮ್ಮಾ, ನಂಗೂ ಮುಂದೆ ಈ ಆಪರೇಷನ್ ಮಾಡಿಸ್ಬೇಕಾಗ್ತದಾ?"

ನಾನು ಕಾಯುತ್ತಿದ್ದ ಪ್ರಶ್ನೆ ಅದು. ಅವಳು ಅಪ್ಪನ ಪಡಿಯಚ್ಚು. ಮೂಗು, ಹುಬ್ಬು, ಅಂಗಾಲು ಸಮೇತ. ಮನೆಗೆ ಬಂದವರು ಮೊದಲು ಆಡುವ ಮಾತೇ ಅದು, ಅದರ ಹಿಂದೆಯೇ ಅವಳ ಕೆನ್ನೆ ಹಿಂಡುತ್ತಾ "ಗುಂಡಮ್ಮ" ಎನ್ನುತ್ತಾರೆ. ಹೋದ ವರ್ಷದವರೆಗೆ ಅವಳು ನಗುತ್ತಿದ್ದಳು. ಈಗ ನಗುವುದಿಲ್ಲ. ಅಪ್ಪನ ದೇಹವನ್ನು ಕತ್ತರಿಸಿ ಸರಿ ಮಾಡಬೇಕು ಎಂದರೆ, ಅದೇ ದೇಹದ ಅಚ್ಚು ತಾನು ಎಂದುಕೊಂಡಿರುವ ಹುಡುಗಿಗೆ ಅದು ಹೇಗೆ ಕೇಳಿಸುತ್ತದೆ?

ಸುಳ್ಳು ಹೇಳಲಿಲ್ಲ. ದಪ್ಪ ಆಗುವ ಗುಣ ರಕ್ತದಲ್ಲಿ ಬರುತ್ತದೆ, ಅವಳಿ ಮಕ್ಕಳನ್ನು ಅಧ್ಯಯನ ಮಾಡಿದವರು ಹೇಳುವ ಪ್ರಕಾರ ಅದರ ಪಾಲು ಅರ್ಧಕ್ಕಿಂತ ಜಾಸ್ತಿಯೇ. ಬಂದೇ ಬರುತ್ತದೆ ಎಂದಲ್ಲ. ಇನ್ನೊಂದು ಮಾತು, ಅವಳ ವಯಸ್ಸಿನಲ್ಲಿ ಮೈ ತುಂಬಿಕೊಳ್ಳಲೇಬೇಕು. ದೊಡ್ಡವಳಾಗುವ ಹೊತ್ತಿನಲ್ಲಿ ಹುಡುಗಿಯರ ದೇಹ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ, ಅದು ರೋಗವಲ್ಲ. ಅಪ್ಪನ ಬಿಎಂಐ ಲೆಕ್ಕ ಹಾಕಿದ ಹಾಗೆ ಅವಳದು ಹಾಕುವಂತಿಲ್ಲ, ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿಯೇ ಇದೆ. ಅವಳು ಆಗಲೇ ತನ್ನದು ಹಾಕಿ ನೋಡಿದ್ದಳು, ಕೇಳಿದ ಮೇಲೆ ಒಪ್ಪಿಕೊಂಡಳು. ಅಪ್ಪ ಗಂಜಿ ತಿಳಿ ಕುಡಿಯುವಾಗ ತಾನೂ ರೊಟ್ಟಿ ಬಿಡಬೇಕಾ ಎಂದು ಕೇಳಿದಳು. ಬೇಡ ಮಾರಾಯ್ತಿ ಎಂದೆ. ಅಪ್ಪನ ಪಥ್ಯ ಅಪ್ಪನಿಗೆ. ಬೆಳೆಯುವವರು ಹೊಟ್ಟೆ ತುಂಬ ಉಣ್ಣಬೇಕು. ತೂಕದ ಮಷೀನನ್ನು ಹಾಲ್‌ನಿಂದ ತೆಗೆದು ನಮ್ಮ ಕೋಣೆಯ ಮಂಚದ ಕೆಳಗೆ ಇಟ್ಟಿದ್ದೇನೆ. ಗುಂಡಮ್ಮ ಎನ್ನುವವರಿಗೆ ನಾನೇ ಹೇಳುತ್ತಿದ್ದೇನೆ, ಅವಳಿಗೆ ಹೆಸರಿದೆ, ಅದರಲ್ಲೇ ಕರೆಯಿರಿ ಎಂದು. ಇಬ್ಬರು ನೆಂಟರಿಗೆ ಬೇಜಾರಾಗಿದೆ. ಆಗಲಿ.

ಶಾಲೆಯಲ್ಲಿ ಏನು ಹೇಳಬೇಕು ಎಂಬುದು ಅವಳ ಇನ್ನೊಂದು ತಲೆನೋವು. ಯಾರಿಗೂ ಹೇಳಬೇಡ ಎಂದು ಅತ್ತೆ ಆಣೆ ಹಾಕಿಸಲು ಹೊರಟಿದ್ದರು. ಅದನ್ನು ತಡೆದೆ. ಹನ್ನೆರಡು ವರ್ಷದ ಹುಡುಗಿ ಇಷ್ಟು ದೊಡ್ಡ ಗುಟ್ಟು ಹೊತ್ತುಕೊಂಡು ತಿರುಗುವುದು ಬೇಡ. ಬೇಕಾದ ಗೆಳತಿಗೆ ಹೇಳಿಕೋ, ಉಳಿದವರು ಕೇಳಿದರೆ "ಅಪ್ಪಂಗೆ ಶುಗರ್ ಜಾಸ್ತಿ ಇತ್ತು, ಹೊಟ್ಟೆ ಆಪರೇಷನ್ ಆಯ್ತು" ಎಂದರೆ ಸಾಕು, ಅದೂ ನಿಜವೇ ಎಂದೆ. ಅಪ್ಪ ಬೇಗ ಇಳಿದು ಹೋಗುತ್ತಾರೆ, ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಆಮೇಲೆ ಬರುತ್ತದೆ, ಚರ್ಮ ಜೋತು ಬೀಳಬಹುದು, ಜನ ಏನೋ ದೊಡ್ಡ ಕಾಯಿಲೆ ಎಂದು ಮಾತಾಡಬಹುದು ಎಂದೂ ಮೊದಲೇ ಹೇಳಿಟ್ಟಿದ್ದೇನೆ. ಬೇರೆಯವರ ಬಾಯಿಂದ ಮೊದಲು ಕೇಳುವುದು ಬೇಡ.

ಈಗ ಉಳಿದಿರುವುದು ವ್ಯವಸ್ಥೆಯ ಮಾತು. ಕೊಪ್ಪದಿಂದ ಇವರ ತಂಗಿ ಬಂದು ಮನೆಯಲ್ಲಿರುತ್ತಾಳೆ. ಕ್ಯಾಲೆಂಡರಿನಲ್ಲಿ ಹೋಗುವ ದಿನ, ಆಪರೇಷನ್ ದಿನ, ವಾಪಸ್ ಬರುವ ದಿನಕ್ಕೆ ಮಗ ಬೇರೆ ಬೇರೆ ಬಣ್ಣ ಹಚ್ಚಿದ್ದಾನೆ. ವಾಪಸ್ ಬರುವುದು ಒಂದೆರಡು ದಿನ ಹಿಂದೆ ಮುಂದೆ ಆಗಬಹುದು ಎಂದಿದ್ದಕ್ಕೆ ಮೂರು ಮನೆಗೂ ಅದೇ ಬಣ್ಣ. ಆಪರೇಷನ್ ಆದ ಮಾರನೇ ದಿನ ವಿಡಿಯೋ ಕಾಲ್ ಮಾಡುವುದು ಎಂದು ನಿಶ್ಚಯ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ, ಅದೂ ಮನಸ್ಸು ಬಂದರೆ. ಹಾಗಾಗಿ ಕಾಲ್ ಬರದಿದ್ದರೆ ಟವರ್ ಇಲ್ಲ ಎಂದರ್ಥ, ಅಪ್ಪನಿಗೆ ಏನೋ ಆಗಿದೆ ಎಂದಲ್ಲ ಎಂಬುದನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿದ್ದೇನೆ. ಕಾಲ್ ಆಗದಿದ್ದರೆ ಪೇಟೆಯಲ್ಲಿರುವ ನನ್ನ ತಮ್ಮ ಬೈಕಿನಲ್ಲಿ ಬಂದು ಸುದ್ದಿ ಹೇಳಿ ಹೋಗುತ್ತಾನೆ.

ಒಂದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮಗಳು ತಾನೂ ಆಸ್ಪತ್ರೆಗೆ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಇವರು ಬೇಡವೇ ಬೇಡ ಎನ್ನುತ್ತಾರೆ, ಪೈಪು ಸಿಕ್ಕಿಸಿಕೊಂಡು ಮಲಗಿದ್ದನ್ನು ಅವಳು ನೋಡಬಾರದಂತೆ. ಚಿಕ್ಕ ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದಾರೆ, ಮಗನ ಮಾತು ಅಲ್ಲಿಗೆ ಮುಗಿಯಿತು. ಆದರೆ ಇವಳು ಚಿಕ್ಕವಳೋ ದೊಡ್ಡವಳೋ? ನಿನ್ನೆ ಫ್ರಿಜ್ಜಿನ ಹಾಳೆಯಲ್ಲಿ ಅವಳೇ ಬರೆದಿದ್ದಾಳೆ: ಹನ್ನೆರಡು ತುಂಬಿದವರಿಗೆ ಪಾಸ್ ಕೊಡ್ತಾರಾ? ಕೆಳಗೆ ಇವರು ಪೆನ್ಸಿಲಿನಲ್ಲಿ "ಇಲ್ಲ" ಎಂದು ಬರೆದಿದ್ದರು. ಅವಳು ಅದನ್ನು ರಬ್ಬರಿನಲ್ಲಿ ಅಳಿಸಿ, ಡಾಕ್ಟರ ಹತ್ತಿರ ಕೇಳಿ ಆಮೇಲೆ ಬರೀರಿ ಎಂದಿದ್ದಾಳೆ. ಸೋಮವಾರ ಕೇಳುತ್ತೇವೆ.